ಕ್ವಾಯರ್ ಮೇಡಂಗೆ ನಾವು ಗೌರವ ಸಲ್ಲಿಸಿದ್ದು ಹೀಗೆ

ನಮ್ಮ ಕ್ವಾಯರನ್ನು, ಅಂದರೆ ಒಟ್ಟಾಗಿ ಹಾಡುವ ಗುಂಪನ್ನು ಕಟ್ಟಿ, ಅದಕ್ಕಾಗಿಯೇ ಆಯುಷ್ಯ ಸವೆಸಿದ ಮೇಡಂ ‘ಇನ್ನು ಸಾಕು, ಬೇರೆಯವರು ಕೈ ಬೀಸಲಿ’ ಎಂದು ನಿರ್ದೇಶನ ಬಿಟ್ಟಾಗ ಗೌರವ ಕಾರ್ಯಕ್ರಮದ ಹೊಣೆ ನನ್ನ ಹೆಗಲಿಗೆ ಬಿತ್ತು. ನಾನು ಆಲ್ಟೊದಲ್ಲಿ, ಅಂದರೆ ಹೆಂಗಸರ ತಗ್ಗು ದನಿಯ ಸಾಲಿನಲ್ಲಿ ಹಾಡುವವಳು. ಸ್ಕೋರ್‌ಗಳ (ಸ್ವರಲಿಪಿಯ ಪ್ರತಿಗಳ) ಕಪಾಟಿನ ಬೀಗದ ಕೈಯೂ ನನ್ನ ಬಳಿಯೇ ಇರುತ್ತದೆ. ಬಹುಶಃ ಅದಕ್ಕೇ ಎಲ್ಲರೂ ನನ್ನತ್ತ ನೋಡಿದರು.

ಮೊದಲ ಸಭೆಯಲ್ಲಿ ಬಂದ ಸಲಹೆಗಳು ಎಲ್ಲರಿಗೂ ಗೊತ್ತಿರುವಂಥವೇ: ಫಲಕ, ಭಾಷಣ, ಹಳೇ ಫೋಟೊಗಳ ವಿಡಿಯೊ. ಯಾವುದನ್ನೂ ಹಳಿಯುವುದಿಲ್ಲ, ಆದರೆ ಇಷ್ಟನ್ನು ಯಾವ ಕಚೇರಿಯಿಂದ ನಿವೃತ್ತರಾಗುವವರಿಗೂ ಮಾಡಬಹುದು. ಕ್ವಾಯರ್ ನಡೆಸಿದವರ ಜೀವಮಾನದ ದುಡಿಮೆ ಹಾಡುವವರ ಮೈಗೆ ಹತ್ತಿರುತ್ತದೆ. ಉಸಿರು ಎಲ್ಲಿ ಎಳೆಯಬೇಕು, ಪಕ್ಕದವರ ದನಿಗೆ ಎಷ್ಟು ಕಿವಿಗೊಡಬೇಕು ಎಂಬ ಅಭ್ಯಾಸಗಳಲ್ಲಿ ಅದು ಉಳಿದಿರುತ್ತದೆ. ಆ ದಿನ ಅದೇ ಕೇಳಿಸಬೇಕು ಎಂದು ನಾನು ಹಟ ಹಿಡಿದೆ.

‘ಅವರಿಗೆ ತಿಳಿಯದಂತೆ ಮಾಡೋಣ, ಅಚ್ಚರಿಯಾಗಲಿ’ ಎಂಬ ಮಾತನ್ನು ಅಲ್ಲೇ ಬಿಡಿಸಿದೆ. ಅಚ್ಚರಿಯ ಖುಷಿ ಹೆಚ್ಚಾಗಿ ಏರ್ಪಡಿಸುವವರದ್ದು. ಅದೂ ಅಲ್ಲದೆ, ಕದ್ದು ತಾಲೀಮು ಮಾಡಿದ ಹಾಡು ಅರೆಬೆಂದಿರುತ್ತದೆ. ಅಂಥದ್ದನ್ನು ಜೀವನವಿಡೀ ಶ್ರುತಿಗಾಗಿ ಬಡಿದಾಡಿದವರ ಕಿವಿಗೆ ಹಾಕುವುದು ಗೌರವ ಹೇಗಾಗುತ್ತದೆ? ಮೇಡಂಗೆ ನೇರವಾಗಿ ಹೇಳಿದೆವು. ಅವರು ಹಾಕಿದ್ದು ಒಂದೇ ಷರತ್ತು: ‘ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಇಡೀ ಸಂಜೆ ಹೊಗಳಬೇಡಿ.’

ಹಳೆಯ ಸದಸ್ಯರಿಗೆ ಪತ್ರ ಬರೆಯುವಾಗ ‘ಮೇಡಂ ಬಗ್ಗೆ ನಾಲ್ಕು ಮಾತು ಬರೆಯಿರಿ’ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ‘ಸ್ಫೂರ್ತಿಯ ಸೆಲೆ’ ಎಂಬಂಥ ಮಾತುಗಳೇ ಬರುತ್ತವೆ. ‘ಈಗಲೂ ಹಾಡುವಾಗ ಅವರ ಯಾವ ಮಾತು ಕಿವಿಯಲ್ಲಿ ಮೊಳಗುತ್ತದೆ?’ ಎಂದು ಕೇಳಿದೆ. ಉತ್ತರಗಳು ಬಂದ ಬಗೆಯೇ ಬೇರೆ. ‘ಸಾಲಿನ ಕೊನೆಯ “ಸ್” ಇಬ್ಬರು ಹೇಳಿದರೆ ಸಾಕು, ಎಲ್ಲರೂ ಹೇಳಿದರೆ ಹಾವು ಬುಸುಗುಟ್ಟುತ್ತದೆ’ ಎಂಬುದನ್ನು ಎಷ್ಟೋ ಜನ ಬರೆದಿದ್ದರು. ‘ಪಕ್ಕದವರು ಕೇಳಿಸದಿದ್ದರೆ ನೀವು ಜೋರಾಗಿ ಹಾಡುತ್ತಿದ್ದೀರಿ ಎಂದರ್ಥ.’ ‘ಒಂದೇ ಸ್ವರ ಮತ್ತೆ ಮತ್ತೆ ಬಂದಾಗ ಪ್ರತಿ ಸಲವೂ ಕೂದಲೆಳೆಯಷ್ಟು ಮೇಲೆ ಯೋಚಿಸಿ, ಇಲ್ಲದಿದ್ದರೆ ಜಾರುತ್ತದೆ.’ ಭಾಷಣಗಳ ಬದಲು ಹಾಡು ಹಾಡಿನ ನಡುವೆ ಹಳೆಯ ಸದಸ್ಯರು ಒಬ್ಬೊಬ್ಬರಾಗಿ ಎದ್ದು ನಿಂತು ಇಂಥ ಒಂದೊಂದು ಮಾತು ಹೇಳಿ ಕೂರಲಿ ಎಂದು ತೀರ್ಮಾನಿಸಿದೆವು.

ಹಾಡುಗಳ ಆಯ್ಕೆಗೆ ಬಹಳ ತಲೆ ಕೆಡಿಸಿಕೊಂಡೆವು. ಈಗಿನ ಸದಸ್ಯರ ಜೊತೆ ಹಳಬರೂ ನಿಲ್ಲಬೇಕು. ಹಳಬರಲ್ಲಿ ಹಲವರು ಹಾಡುವುದು ಬಿಟ್ಟು ಬಹಳ ದಿನಗಳಾಗಿವೆ. ವಯಸ್ಸಾದಂತೆ ಮೇಲಿನ ಸ್ವರಗಳು ಕಷ್ಟವಾಗುತ್ತವೆ, ದನಿಯಲ್ಲಿ ಅಲುಗಾಟ ಹೆಚ್ಚುತ್ತದೆ. ಮೊದಲು ಸೊಪ್ರಾನೊ (ಎಲ್ಲಕ್ಕಿಂತ ಎತ್ತರದ ದನಿ) ಹಾಡುತ್ತಿದ್ದವರನ್ನು ಆಲ್ಟೊಗೆ ಬರಲು ಕೇಳಿದರೆ ಕೆಲವರಿಗೆ ಮುನಿಸು. ಹಾಗಾಗಿ ಒಟ್ಟಾಗಿ ಹಾಡುವ ಕೃತಿ ಚಿಕ್ಕದಿರಬೇಕು, ಎತ್ತರದ ಸ್ವರಗಳಿಲ್ಲದಿರಬೇಕು, ಆದರೂ ಹಾಡುವವರ ಮಟ್ಟವನ್ನು ಬಯಲಿಗೆಳೆಯುವಂತಿರಬೇಕು ಎಂದುಕೊಂಡೆವು. ಕೊನೆಗೆ ಮೊಜಾರ್ಟ್‌ನ ‘ಆವೆ ವೇರುಮ್ ಕೊರ್ಪುಸ್’ ಎಂಬ ಲ್ಯಾಟಿನ್ ಸ್ತೋತ್ರ ಆರಿಸಿದೆವು. ಒಟ್ಟು 46 ಬಾರ್‌ಗಳು (ಗೆರೆ ಎಳೆದು ಭಾಗ ಮಾಡಿದ ತಾಳದ ತುಂಡುಗಳು), ಸ್ವರಶ್ರೇಣಿ ಡಿ ಮೇಜರ್. ಸೊಪ್ರಾನೊ ಎಲ್ಲೂ ತೀರಾ ಮೇಲಕ್ಕೆ ಹತ್ತುವುದಿಲ್ಲ. ನನಗೆ ಇದು ಬೇಕಾಗಿದ್ದಕ್ಕೆ ಇನ್ನೊಂದು ಕಾರಣವಿತ್ತು. 1791ರ ಜೂನ್‌ನಲ್ಲಿ, ತಾನು ತೀರಿಕೊಳ್ಳುವುದಕ್ಕೆ ಆರು ತಿಂಗಳೂ ಇಲ್ಲದಿದ್ದಾಗ, ಮೊಜಾರ್ಟ್ ಇದನ್ನು ಬರೆದದ್ದು ಆಂಟನ್ ಸ್ಟೋಲ್ ಎಂಬ ಗೆಳೆಯನಿಗಾಗಿ. ವಿಯೆನ್ನಾದ ಹತ್ತಿರದ ಬಾಡೆನ್‌ನಲ್ಲಿ ಆತ ಒಂದು ಚರ್ಚಿನ ಕ್ವಾಯರ್ ನಡೆಸುತ್ತಿದ್ದ. ದೊಡ್ಡ ಸಂಗೀತಗಾರನೊಬ್ಬ ಸಣ್ಣ ಊರಿನ ಕ್ವಾಯರ್ ಮಾಸ್ಟರಿಗೆ ಕೊಟ್ಟ ಉಡುಗೊರೆ. ನಮ್ಮ ಸಂದರ್ಭಕ್ಕೆ ಇದಕ್ಕಿಂತ ಒಪ್ಪುವುದು ಸಿಗುತ್ತಿರಲಿಲ್ಲ.

ನೋಡಲು ಸುಲಭ, ಹಾಡಲು ಕೂತಾಗ ಗೊತ್ತಾಗುತ್ತದೆ. ಶುರುವಿನಲ್ಲೇ ‘ಸೊಟ್ಟೊ ವೋಚೆ’ ಎಂದಿದೆ, ಅಂದರೆ ದನಿ ತಗ್ಗಿಸಿ. ತಗ್ಗಿಸಿದ ದನಿಯಲ್ಲಿ ಉದ್ದುದ್ದ ಸಾಲುಗಳು ಬಂದರೆ ಶ್ರುತಿ ಕೆಳಗಿಳಿಯುವುದಕ್ಕೆ ದಾರಿ ಸಲೀಸು. ಮೇಡಂ ಕಲಿಸಿದ ಸರದಿ ಉಸಿರು ಇಲ್ಲಿ ಕೈಹಿಡಿಯಿತು. ಎಲ್ಲರೂ ಒಂದೇ ಕಡೆ ಉಸಿರೆಳೆದರೆ ಸಾಲು ತುಂಡಾಗುತ್ತದೆ. ಪಕ್ಕದವರು ಎಳೆಯುವಾಗ ನೀವು ಎಳೆಯಬಾರದು, ಬಾರ್ ಗೆರೆಯ ಮೇಲಂತೂ ಬೇಡವೇ ಬೇಡ. ಉದ್ದನೆಯ ಸ್ವರದ ನಡುವೆ ಸದ್ದಿಲ್ಲದೆ ಬಿಟ್ಟು, ಮೊದಲಿಗಿಂತ ಮೆಲ್ಲಗೆ ಒಳಗೆ ಬರಬೇಕು. ಹಳಬರೊಬ್ಬರ ಪಕ್ಕ ಈಗಿನ ಸದಸ್ಯರೊಬ್ಬರನ್ನು ನಿಲ್ಲಿಸಿ, ಯಾರು ಎಲ್ಲಿ ಉಸಿರೆಳೆಯುತ್ತೀರಿ ಎಂದು ಅವರವರಲ್ಲೇ ಮಾತಾಡಿಕೊಳ್ಳಲು ಬಿಟ್ಟೆವು. ತಾಲೀಮಿಗಿಂತ ಆ ಮಾತುಕತೆಯೇ ಹೆಚ್ಚು ಕೆಲಸ ಮಾಡಿತು ಎಂದು ನನಗನಿಸುತ್ತದೆ.

ಯಾರು ನಿರ್ದೇಶಿಸಬೇಕು? ಉಳಿದ ಹಾಡುಗಳನ್ನು ಹೊಸ ನಿರ್ದೇಶಕರು, ಇದೊಂದನ್ನು ಮೇಡಂ. ಒಂದೇ ಒಂದು ಸಲ ಅವರ ಜೊತೆ ತಾಲೀಮು. ಬಂದವರೇ ಟ್ಯೂನಿಂಗ್ ಫೋರ್ಕ್ ಮೊಣಕಾಲಿಗೆ ತಟ್ಟಿ ಕಿವಿಯ ಬಳಿ ಹಿಡಿದು ಸ್ವರ ಕೊಟ್ಟರು. ಪಿಯಾನೊ ಪಕ್ಕದಲ್ಲೇ ಇತ್ತು, ಅದರತ್ತ ನೋಡಲೂ ಇಲ್ಲ.

ಇನ್ನು ಕಪಾಟಿನ ವಿಷಯ. ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟದ್ದು ಇದೇ. ಮೇಡಂ ಬಳಸುತ್ತಿದ್ದ ಸ್ಕೋರ್‌ಗಳ ತುಂಬ ಪೆನ್ಸಿಲ್ ಗುರುತುಗಳಿವೆ. ಉಸಿರಿಗೆ ಅಲ್ಪವಿರಾಮ, ಉಸಿರೆಳೆಯಬಾರದು ಎಂಬಲ್ಲಿ ಎರಡು ಸ್ವರಗಳ ನಡುವೆ ಕಮಾನು, ಶ್ರುತಿ ಜಾರುವ ಕಡೆ ಮೇಲ್ಮುಖ ಬಾಣ, ‘ನನ್ನನ್ನು ನೋಡಿ’ ಎನ್ನಲು ಒಂದು ಜೋಡಿ ಕನ್ನಡಕ. ಒಂದು ಪುಟದಲ್ಲಿ ಒಂದೇ ಬಾರಿನ ಮೇಲೆ ಕನ್ನಡಕ ಮೂರು ಸಲ ಇದೆ, ಪ್ರತಿ ಸಲ ಹಿಂದಿನದಕ್ಕಿಂತ ದೊಡ್ಡದು. ಟೆನರ್‌ಗಳು, ಅಂದರೆ ಎತ್ತರದ ದನಿಯ ಗಂಡಸರು, ಅಲ್ಲಿ ಯಾವಾಗಲೂ ಮುಂದೆ ಓಡುತ್ತಿದ್ದರಂತೆ. ಅಚ್ಚಾದ ಸ್ಕೋರ್ ಎಲ್ಲರಿಗೂ ಸಿಗುತ್ತದೆ. ಈ ಗುರುತುಗಳು ಇನ್ನೆಲ್ಲೂ ಇಲ್ಲ.

ಗುರುತುಗಳಿರುವ ಪುಟಗಳನ್ನು ಬಣ್ಣದಲ್ಲೇ ಸ್ಕ್ಯಾನ್ ಮಾಡಿಸಿದೆ. ಕಪ್ಪು ಬಿಳುಪಿನಲ್ಲಿ ಪೆನ್ಸಿಲ್ ಮಸುಕಾಗುತ್ತದೆ, ಅಳಿಸಿ ಬರೆದ ಜಾಗವಂತೂ ಕಾಣುವುದೇ ಇಲ್ಲ. ಹಕ್ಕುಸ್ವಾಮ್ಯ ಇನ್ನೂ ಇರುವ ಕೃತಿಗಳ ಪ್ರತಿ ಯಾರಿಗೂ ಹಂಚಲಿಲ್ಲ, ಅವು ಸಂಗ್ರಹಕ್ಕಷ್ಟೇ. ಇದನ್ನು ಮಾಡಹೊರಟವರು ಪ್ರಕಾಶಕರನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಆಮೇಲೆ ಸ್ಕೋರ್ ಮುಂದಿಟ್ಟುಕೊಂಡು ಮೇಡಂ ಮಾತನ್ನು ರೆಕಾರ್ಡ್ ಮಾಡಿದೆವು. ‘ನಿಮ್ಮ ಜೀವನದ ಬಗ್ಗೆ ಹೇಳಿ’ ಎಂದರೆ ಎರಡು ವಾಕ್ಯಕ್ಕೆ ನಿಲ್ಲಿಸುವವರು, ಪುಟ ತೆರೆದಿಟ್ಟು ‘ಈ ಬಾಣ ಯಾಕೆ?’ ಎಂದರೆ ಗಂಟೆಗಟ್ಟಲೆ ಮಾತಾಡಿದರು. ಯಾವ ಸಭಾಂಗಣದಲ್ಲಿ ದನಿ ಎಷ್ಟು ಹೊತ್ತು ಮೊಳಗುತ್ತಿತ್ತು, ಅದಕ್ಕೆ ಲಯ ಎಷ್ಟು ನಿಧಾನ ಮಾಡಬೇಕಾಯಿತು ಎಂಬುದೂ ಬಾಣದ ಹಿಂದೆಯೇ ಹೊರಬಂತು.

ನಡುವೆ ಒಂದು ಫಜೀತಿ. ಮೇಡಂ ರಬ್ಬರ್ ಎತ್ತಿಕೊಂಡರು. ‘ಇಲ್ಲಿ ಇಷ್ಟು ಎಳೆಯಬಾರದಿತ್ತು, ಆಗ ನನಗೆ ತಿಳಿವಳಿಕೆ ಸಾಲದು’ ಎಂದು ಅಳಿಸಲು ಹೊರಟರು. ‘ಅದು ಇರಲಿ ಮೇಡಂ’ ಎಂದು ಹಳೆಯ ಪ್ರತಿಯನ್ನು ಮೆಲ್ಲಗೆ ಎಳೆದುಕೊಂಡು, ಗುರುತಿಲ್ಲದ ಹೊಸ ಪ್ರತಿ ಅವರ ಕೈಗಿಟ್ಟೆ. ಈಗ ಅವರು ಅದರಲ್ಲಿ ನೀಲಿ ಪೆನ್ಸಿಲಿನಿಂದ ಗುರುತು ಹಾಕುತ್ತಾರೆ. ಹೊಸ ನಿರ್ದೇಶಕರು ಎರಡೂ ಪ್ರತಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದುತ್ತಾರೆ, ತಮ್ಮದೇ ಮೂರನೆಯದನ್ನು ಬರೆದುಕೊಳ್ಳುತ್ತಾರೆ.