ಗರ್ಭಿಣಿಯ ಬಿ.ಪಿ. ತವರಿಗೂ ಜೊತೆಯಲ್ಲೇ ಹೋಗುತ್ತದೆ

ಗರ್ಭಧಾರಣೆಯಿಂದಾಗಿ ಬರುವ ರಕ್ತದೊತ್ತಡ ಇಪ್ಪತ್ತು ವಾರಗಳ ನಂತರ ಕಾಣಿಸಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ಏಳು ತಿಂಗಳು ದಾಟಿದ ಮೇಲೆಯೇ. ಹಾವೇರಿ ಜಿಲ್ಲೆಯ ನಮ್ಮ ಹಳ್ಳಿಗಳಲ್ಲಿ ಚೊಚ್ಚಲ ಬಸುರಿಗೆ ಕುಬಸ ಮಾಡಿ ತವರಿಗೆ ಕಳಿಸುವುದೂ ಅದೇ ಹೊತ್ತಿಗೆ. ಮೊದಲ ತಿಂಗಳುಗಳಿಂದ ಆಕೆಯನ್ನು ನೋಡುತ್ತ ಬಂದ ಆರೋಗ್ಯ ಕೇಂದ್ರದಿಂದ ಅಪಾಯ ಶುರುವಾಗುವ ವೇಳೆಗೆ ಆಕೆ ದೂರವಾಗಿರುತ್ತಾಳೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯಾಗಿ ನಾನು ಮಾತ್ರೆಯ ಆಯ್ಕೆಗಿಂತ ಹೆಚ್ಚು ಶ್ರಮ ಹಾಕಿರುವುದು ಈ ಕೊಂಡಿ ಕಳಚದಂತೆ ನೋಡಿಕೊಳ್ಳುವುದರಲ್ಲಿ.

ಎಲ್ಲವೂ ಸರಿಯಾದ ಅಳತೆಯ ಮೇಲೆ ನಿಂತಿದೆ. ಬಿಸಿಲಿನಲ್ಲಿ ಬಸ್ಸಿಳಿದು ನಡೆದು ಬಂದವಳನ್ನು ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಿಸಿ, ಪಾದಗಳು ನೆಲಕ್ಕೆ ತಾಗಿವೆಯೇ ಎಂದು ನೋಡಿ, ರವಿಕೆಯ ಬಿಗಿ ತೋಳನ್ನು ಸಡಿಲಿಸಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇರಿಸಿದ ನಂತರವೇ ಪಟ್ಟಿ ಸುತ್ತುತ್ತೇವೆ. 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಊರಿಗೆ ಕಳಿಸದೆ, ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ಪರೀಕ್ಷಿಸಿ, ನಾಲ್ಕು ಗಂಟೆಗಳ ನಂತರ ಮತ್ತೊಮ್ಮೆ ಅಳೆಯುತ್ತೇವೆ. ಮೂರನೇ ತಿಂಗಳಲ್ಲಿ 96/60 ಇದ್ದವಳಿಗೆ ಈಗ 132/86 ಇದ್ದರೆ ವ್ಯಾಖ್ಯೆಯ ಪ್ರಕಾರ ಅದು ಕಾಯಿಲೆಯಲ್ಲ. ಆದರೂ ಅಂಥವಳನ್ನು ನಾನು ವಾರಕ್ಕೊಮ್ಮೆ ಕರೆಸುತ್ತೇನೆ.

ಔಷಧಿಗಳ ಪಟ್ಟಿ ಚಿಕ್ಕದು: ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ. ಮೊದಲೇ ಬಿ.ಪಿ. ಇದ್ದು ಟೆಲ್ಮಿಸಾರ್ಟನ್ ಅಥವಾ ಎನಲಾಪ್ರಿಲ್ ತೆಗೆದುಕೊಳ್ಳುತ್ತಿದ್ದವರಿಗೆ, ಅವು ಮಗುವಿನ ಮೂತ್ರಪಿಂಡಕ್ಕೆ ಹಾನಿಕರವಾದ್ದರಿಂದ, ಗರ್ಭ ನಿಂತದ್ದು ತಿಳಿದ ಕೂಡಲೇ ಮಾತ್ರೆ ಬದಲಿಸಬೇಕು. ಊಟದ ವಿಷಯದಲ್ಲಿ ನಾನು ಅತ್ತೆಯಂದಿರ ಜೊತೆಗೂ ಮಾತಾಡುತ್ತೇನೆ. ಕಾಲು ಬಾತಿದೆಯೆಂದು ಸೊಸೆಗೆ ಸಪ್ಪೆ ಊಟ ಹಾಕಿ, ನೀರನ್ನೂ ಕಡಿಮೆ ಕೊಡುವ ಮನೆಗಳಿವೆ. ಇದರಿಂದ ಈ ಕಾಯಿಲೆ ತಗ್ಗುವುದಿಲ್ಲ, ಆಕೆ ನಿತ್ರಾಣಗೊಳ್ಳುತ್ತಾಳೆ ಅಷ್ಟೇ.

ಕುಬಸದ ದಿನ ಗೊತ್ತಾದೊಡನೆ ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಕೊನೆಯ ಮೂರು ಅಳತೆ, ಮಾತ್ರೆಯ ಹೆಸರು ಮತ್ತು ಮುಂದಿನ ತಪಾಸಣೆಯ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಬರೆದು, ತವರೂರಿನ ಆಶಾ ಕಾರ್ಯಕರ್ತೆಗೆ ನಮ್ಮ ಆಶಾ ಕಾರ್ಯಕರ್ತೆಯಿಂದ ಫೋನ್ ಮಾಡಿಸುತ್ತೇನೆ. ಬೇರೆ ತಾಲ್ಲೂಕಿನಿಂದ ತವರಿಗೆಂದು ನಮ್ಮಲ್ಲಿಗೆ ಬರುವವರನ್ನೂ ಪ್ರತಿ ತಿಂಗಳ 9ರಂದು ನಡೆಯುವ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಗೆ ಕರೆತರಲು ಹೇಳಿದ್ದೇನೆ. ಹಾಗೆ ಬಂದ ಒಬ್ಬಳು, “ತಲಿ ಭಾಳ ನೋಯ್ತೈತ್ರಿ ಮೇಡಂ, ಕಣ್ಣ ಮುಂದ ಮಿಂಚಿದಂಗ ಆಗ್ತೈತಿ” ಅಂದಳು. ಬಿ.ಪಿ. 168/112 ಇತ್ತು. ಜಿಲ್ಲಾ ಆಸ್ಪತ್ರೆಗೆ ಹೋಗಬೇಕೆಂದಾಗ, ಬುತ್ತಿ ಕಟ್ಟಿಕೊಂಡು ನಾಳೆ ಬೆಳಿಗ್ಗೆ ಹೋಗಬಹುದೇ ಎಂದು ಆಕೆಯ ತಾಯಿ ಕೇಳಿದರು. ಆಗ ವಿವರಿಸುತ್ತ ಕೂರಲು ಸಮಯವಿರಲಿಲ್ಲ.

ಇಂಥ ಹೊತ್ತಿಗೆಂದೇ ಹೆರಿಗೆ ಕೋಣೆಯ ಒಂದು ಡಬ್ಬಿಯಲ್ಲಿ ಮೆಗ್ನೀಸಿಯಂ ಸಲ್ಫೇಟಿನ ಹತ್ತು ಆಂಪೂಲ್, ಹತ್ತು ಮಿಲಿಲೀಟರಿನ ಎರಡು ಸಿರಿಂಜು ಮತ್ತು ನಿಫೆಡಿಪಿನ್ ಮಾತ್ರೆಗಳನ್ನು ಒಟ್ಟಿಗೆ ಇಟ್ಟಿರುತ್ತೇವೆ. ಒಂದು ಆಂಪೂಲಿನಲ್ಲಿ ಒಂದು ಗ್ರಾಂ. ಪ್ರತಿ ಪೃಷ್ಠಕ್ಕೆ ಐದರಂತೆ ಆಳವಾಗಿ ಚುಚ್ಚಬೇಕು. ಫಿಟ್ಸ್ ಬರದಂತೆ ತಡೆಯುವ ಈ ಮೊದಲ ಡೋಸು ಕೊಟ್ಟು, ಬಿ.ಪಿ. ಇಳಿಸುವ ಮಾತ್ರೆ ನುಂಗಿಸಿ, ನರ್ಸನ್ನು ಜೊತೆಗೆ ಕಳಿಸಿ, 108 ವಾಹನ ಹೊರಡುವಾಗಲೇ ಜಿಲ್ಲಾ ಆಸ್ಪತ್ರೆಗೆ ಫೋನ್ ಮಾಡಿದೆ. ಅಲ್ಲಿ ಹೆರಿಗೆಯಾಯಿತು, ತಾಯಿ, ಮಗು ಇಬ್ಬರೂ ಉಳಿದರು.

ಹೆರಿಗೆಯಾದ ಕೂಡಲೇ ಕಾಯಿಲೆ ಮುಗಿಯಿತೆಂದು ಮನೆಯವರು ತಿಳಿಯುತ್ತಾರೆ. ಆದರೆ ಮೂರರಿಂದ ಆರನೇ ದಿನದೊಳಗೆ ಬಿ.ಪಿ. ಮತ್ತೆ ಏರುವುದುಂಟು, ಮತ್ತು ಎದೆಹಾಲಿಗೆ ತೊಂದರೆಯೆಂಬ ಭಯದಿಂದ ಮಾತ್ರೆ ನಿಂತಿರುವುದೂ ಆ ದಿನಗಳಲ್ಲೇ. ಲ್ಯಾಬೆಟಲಾಲ್, ನಿಫೆಡಿಪಿನ್ ಎರಡನ್ನೂ ಹಾಲೂಡಿಸುವಾಗ ತೆಗೆದುಕೊಳ್ಳಬಹುದು. ಮೂರನೇ ಮತ್ತು ಏಳನೇ ದಿನ ಕೂಸನ್ನು ನೋಡಲು ಆಶಾ ಕಾರ್ಯಕರ್ತೆ ಹೇಗೂ ಬಾಣಂತಿಯ ಮನೆಗೆ ಹೋಗುವುದರಿಂದ ಅವರ ಕೈಗೆ ಬಿ.ಪಿ. ಯಂತ್ರವನ್ನೂ ಕೊಟ್ಟು ಕಳಿಸುತ್ತೇನೆ. ಆರು ವಾರಗಳ ನಂತರ ನಾನೇ ಮತ್ತೆ ಅಳೆದು, ಮುಂದಿನ ಬಸುರಿನಲ್ಲಿ ಹನ್ನೆರಡನೇ ವಾರಕ್ಕೇ ವೈದ್ಯರನ್ನು ಕಂಡು, ಈ ಕಾಯಿಲೆ ಮರುಕಳಿಸುವ ಸಾಧ್ಯತೆ ತಗ್ಗಿಸುವ ಆಸ್ಪಿರಿನ್ ಬಗ್ಗೆ ಕೇಳಬೇಕೆಂದು ಕಾರ್ಡಿನಲ್ಲಿ ಬರೆದು, ಅದನ್ನು ಗಂಡನಿಗೂ ಓದಿ ಹೇಳುತ್ತೇನೆ.