ಮದುವೆಯಾಗದೆ ಜೊತೆಗಿರುವವರು ಮೊದಲು ಉಯಿಲು ಬರೆಯಿರಿ

ಕಲಬುರಗಿಯಲ್ಲಿ ಮದುವೆಯಾಗದೆ ಒಟ್ಟಿಗಿರುವ ಜೋಡಿಗಳು ಬಾಂಡ್ ಪೇಪರಿನ ಮೇಲೆ ಒಪ್ಪಂದ ಬರೆಸಲು ಓಡಾಡುವ ಮುಂಚೆ, ಇಬ್ಬರೂ ಬೇರೆ ಬೇರೆಯಾಗಿ ಒಂದೊಂದು ಉಯಿಲು ಬರೆದಿಡಿ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಕಿಲ್ಲ. ನಿಮ್ಮ ಸಹಿ, ನಿಮ್ಮೆದುರಿಗೇ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ನೋಂದಣಿ ಕಡ್ಡಾಯವಲ್ಲ. ಆದರೆ ಬಂಧುಗಳು ತಕರಾರು ತೆಗೆಯುವ ಸಂಭವವಿದ್ದರೆ (ಇಲ್ಲದ ಮನೆ ಯಾವುದು!) ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿಬಿಡುವುದೇ ಲೇಸು. ಉಯಿಲು ಏಕೆ ಬೇಕೆಂದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ವಾರಸುದಾರರ ಪಟ್ಟಿಯಲ್ಲಿ ಮದುವೆಯಾಗದ ಸಂಗಾತಿ ಇಲ್ಲ. ಬ್ಯಾಂಕಿನ ನಾಮಿನಿಯೂ ಹಣ ಪಡೆದುಕೊಳ್ಳುವವರೇ ಹೊರತು ಅದರ ಒಡೆಯರಲ್ಲ. ಪಿತ್ರಾರ್ಜಿತ ತೊಗರಿ ಹೊಲವಿದ್ದರೆ ನಿಮ್ಮ ಪಾಲನ್ನಷ್ಟೇ ಬರೆಯಬಹುದು. ಮುಸ್ಲಿಮರು ವಾರಸುದಾರರ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ಆಸ್ತಿಯ ಮೂರನೇ ಒಂದು ಭಾಗ ಮೀರಿ ಬರೆಯುವಂತಿಲ್ಲ. ನೌಕರರ ಭವಿಷ್ಯ ನಿಧಿಯಲ್ಲಿ, ನಿಯಮ ಹೇಳುವ ‘ಕುಟುಂಬ’ ನಿಮಗಿದ್ದರೆ ಅವರನ್ನೇ ನಾಮಿನಿ ಮಾಡಬೇಕು. ಅಲ್ಲಿ ಸಂಗಾತಿಯ ಹೆಸರು ನಡೆಯದು. ಇನ್ನು ಬದುಕಿರುವಾಗಲೇ ಬೇರ್ಪಟ್ಟರೆ ಉಯಿಲು ಏನೂ ಮಾಡದು. ಅದಕ್ಕೆ ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರನ್ನೂ ಹಾಕಿಸಿ, ಮುಂಗಡದಲ್ಲಿ ಯಾರ ಹಣ ಎಷ್ಟು ಎಂಬುದನ್ನೂ ಬರೆಸಿ.