ಖಂಡಾಳ ಘಾಟ್ ಇಳಿಯುವಾಗ ಕ್ರೂಸ್ ಕಂಟ್ರೋಲ್ ಮತ್ತು ಡೈನಮಿಕ್ ಬ್ರೇಕ್: ನನ್ನ ಅನುಭವ

ಓಪನ್ ರೈಲ್ಸ್ ಎಂಬ ಕಂಪ್ಯೂಟರ್ ರೈಲು ಸಿಮ್ಯುಲೇಟರ್‌ನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಓಡಿಸುವ ನಮ್ಮ ಡೊಂಬಿವಿಲಿಯ ಕನ್ನಡ ಗೆಳೆಯರದು ಒಂದೇ ಪ್ರಶ್ನೆ: ಪುಣೆಯಿಂದ ಲೋಣಾವಳದವರೆಗೆ ಚೆನ್ನಾಗಿ ನಡೆದ ಕ್ರೂಸ್ ಕಂಟ್ರೋಲ್ (ವೇಗವನ್ನು ತಾನಾಗಿ ಒಂದೇ ಮಟ್ಟದಲ್ಲಿಡುವ ವ್ಯವಸ್ಥೆ) ಘಾಟ್‌ನಲ್ಲಿ ಯಾಕೆ ಕೈಕೊಡುತ್ತದೆ? ಲೆಕ್ಕ ಹಾಕಿದರೆ ಕಾರಣ ಕಾಣುತ್ತದೆ.

ಖಂಡಾಳ ಘಾಟ್, ಅಂದರೆ ಲೋಣಾವಳ–ಕರ್ಜತ್ ನಡುವಿನ ಇಳಿಜಾರು 37ಕ್ಕೆ 1 (37 ಮೀಟರಿಗೆ 1 ಮೀಟರ್ ಇಳಿತ). ತಲಾ 50 ಟನ್ನಿನ 18 ಬೋಗಿ, ಜೊತೆಗೆ 123 ಟನ್ನಿನ ಡಬ್ಲ್ಯೂಎಪಿ-7 ಎಂಜಿನ್ ಎಂದುಕೊಳ್ಳಿ. ಒಟ್ಟು 1,023 ಟನ್. ಇಳಿಜಾರು ಅದನ್ನು ಸುಮಾರು 271 ಕಿಲೋನ್ಯೂಟನ್ ಬಲದಿಂದ ಕೆಳಕ್ಕೆ ಎಳೆಯುತ್ತದೆ. ಗಾಲಿ ಉರುಳುವಾಗಿನ ತಡೆಗೆ 20 ಕಳೆದರೂ 250 ಉಳಿಯಿತು. ಈ ಎಂಜಿನ್ನಿನ ಡೈನಮಿಕ್ ಬ್ರೇಕ್, ಅಂದರೆ ಮೋಟಾರನ್ನೇ ಜನರೇಟರ್ ಮಾಡಿ ಹಿಡಿಯುವ ರೀಜನರೇಟಿವ್ ಬ್ರೇಕ್, ಕೊಡುವುದು ಹೆಚ್ಚೆಂದರೆ 182. ಉಳಿದ ಸುಮಾರು 70ನ್ನು ಬೋಗಿಗಳ ಗಾಳಿ ಬ್ರೇಕ್ ಹೊರಲೇಬೇಕು. ಬ್ರೇಕ್ ಪೈಪಿನ ಒತ್ತಡ ಇಳಿಸಿದರೆ ಈ ಬ್ರೇಕ್ ಹಿಡಿಯುತ್ತದೆ. ಅಸಲಿ ಎಂಜಿನ್ನಿನಲ್ಲೋ, ಬ್ರೇಕ್ ಪೈಪಿನ ಒತ್ತಡ ಇಳಿದರೆ ಅಥವಾ ಲಿವರ್ ಅಲುಗಾಡಿದರೆ ಕ್ರೂಸ್ ತಾನಾಗಿ ಕಳಚಿಕೊಳ್ಳುತ್ತದೆ. ಹಾಗಾಗಿ ಉದ್ದ ರೈಲಿಗೆ ಘಾಟ್‌ನಲ್ಲಿ ಕ್ರೂಸ್ ನಾನು ಬಳಸುವುದೇ ಇಲ್ಲ. ತಲಾ 45 ಟನ್ನಿನ 12 ಬೋಗಿಯಾದರೆ ಬೇಕಾಗುವುದು 165ರ ಆಸುಪಾಸು. ಡೈನಮಿಕ್ ಒಂದೇ ಹಿಡಿಯುತ್ತದೆ. ಕಲಿಯುವವರು ಅದರಿಂದ ಶುರುಮಾಡುವುದು ಒಳ್ಳೆಯದು.

ಲೋಣಾವಳ ದಾಟುವ ಮೊದಲೇ ಕ್ರೂಸ್ ಬಿಡಿಸಿ, ಥ್ರಾಟಲ್ (ಎಂಜಿನ್ ಎಳೆತದ ಲಿವರ್) ಸೊನ್ನೆಗೆ ತಂದು, ವೇಗವನ್ನು ಗಂಟೆಗೆ 40 ಕಿಮೀಗೆ ಇಳಿಸಿಕೊಳ್ಳುತ್ತೇನೆ. ಇಳಿಜಾರಿಗೆ ಬಿದ್ದ ಮೇಲೆ ವೇಗ ಕಡಿಮೆ ಮಾಡುವುದಕ್ಕಿಂತ ಇದು ಎಷ್ಟೋ ಸುಲಭ. ನಂತರ ಫುಲ್‌ಸ್ಟಾಪ್ ಕೀಯಿಂದ ಡೈನಮಿಕ್ ಅನ್ನು ಹಂತಹಂತವಾಗಿ ಏರಿಸಬೇಕು. ಒಮ್ಮೆಲೇ ಪೂರ್ತಿ ಹಾಕಿದರೆ ಹಿಂದಿನ ಬೋಗಿಗಳು ಮುಂದಿನವಕ್ಕೆ ಗುದ್ದುತ್ತವೆ. ಥ್ರಾಟಲ್, ಡೈನಮಿಕ್ ಬ್ರೇಕ್ ಎರಡೂ ಒಂದೇ ಲಿವರಿನಲ್ಲಿರುವ ಎಂಜಿನ್ನಾದರೆ ಎ ಕೀಯನ್ನೇ ಸೊನ್ನೆಯಿಂದಾಚೆಗೂ ಒತ್ತುತ್ತಾ ಹೋಗಬೇಕು.

ವೇಗ ಇನ್ನೂ ಏರುತ್ತಿದ್ದರೆ ಬ್ರೇಕ್ ಪೈಪಿನ ಒತ್ತಡವನ್ನು 5ರಿಂದ 4.7 ಕೆಜಿಗೆ ಇಳಿಸಿ ಅಲ್ಲೇ ಬಿಡುತ್ತೇನೆ. ತಕ್ಷಣ ಸ್ಲ್ಯಾಶ್ ಕೀ ಒತ್ತಿ ಎಂಜಿನ್ನಿನ ಗಾಳಿ ಬ್ರೇಕನ್ನು ಬಿಡಿಸಬೇಕು. ಎಫ್5 ಒತ್ತಿದರೆ ಎಂಜಿನ್ನಿನ ಬ್ರೇಕ್ ಸಿಲಿಂಡರ್ ಒತ್ತಡ ಸೊನ್ನೆಗೆ ಬಂತೇ ಎಂದು ತಿಳಿಯುತ್ತದೆ. ಎಂಜಿನ್ನಿನ ಅದೇ ಗಾಲಿಗಳ ಮೇಲೆ ಗಾಳಿ, ಡೈನಮಿಕ್ ಎರಡೂ ಬ್ರೇಕ್ ಕೂತರೆ ಗಾಲಿ ಜಾರುತ್ತದೆ, ಡೈನಮಿಕ್‌ನ ಹಿಡಿತವೂ ಹೋಗುತ್ತದೆ. ಆಮೇಲಿನ ಹೆಚ್ಚುಕಡಿಮೆಯನ್ನೆಲ್ಲ ಡೈನಮಿಕ್‌ನಿಂದಲೇ ಸರಿದೂಗಿಸಬೇಕು. ರೈಲು ತೀರಾ ನಿಧಾನವಾಯಿತೇ? ಕಾಮಾ ಒತ್ತಿ ಡೈನಮಿಕ್ ಇಳಿಸಿ, ಗಾಳಿಯ ಗೊಡವೆಗೆ ಹೋಗಬೇಡಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಗಾಳಿ ಬ್ರೇಕ್ ಹಾಕಿ ಬಿಟ್ಟು, ಹಾಕಿ ಬಿಟ್ಟು ಮಾಡಿದರೆ ಬೋಗಿಗಳಲ್ಲಿ ಬ್ರೇಕಿಗೆ ಗಾಳಿ ಕೊಡುವ ಸಹಾಯಕ ಟ್ಯಾಂಕ್ ತುಂಬುವಷ್ಟು ಸಮಯವೇ ಸಿಗದೆ, ಮೂರನೇ ಸಲ ಹಾಕುವಷ್ಟರಲ್ಲಿ ಬ್ರೇಕಿಗೆ ಬಲವೇ ಇರುವುದಿಲ್ಲ. ಸಿಮ್ಯುಲೇಟರಿನ ಬೋಗಿ ಫೈಲಿನಲ್ಲಿ ಬ್ರೇಕ್ ಸಿಸ್ಟಂ ಟೈಪ್ ‘ಏರ್ ಸಿಂಗಲ್ ಪೈಪ್’ ಎಂದಿದ್ದರೆ ಈ ತೊಂದರೆ ಜಾಸ್ತಿ. ‘ಟ್ವಿನ್ ಪೈಪ್’ ಆದರೆ ಎರಡನೆಯದಾದ ಫೀಡ್ ಪೈಪಿನಿಂದ ಗಾಳಿ ತುಂಬುತ್ತಲೇ ಇರುತ್ತದೆ.

ಘಾಟ್ ನಡುವಿನ ಮಂಕಿ ಹಿಲ್‌ನಲ್ಲಿ ನಿಲ್ಲಿಸುವಾಗ ಡೈನಮಿಕ್ ನೆಚ್ಚಬೇಡಿ. ಗಾಲಿ ತಿರುಗಿದಷ್ಟು ಹೊತ್ತು ಮಾತ್ರ ಮೋಟಾರು ಜನರೇಟರ್ ಆಗಿ ಹಿಡಿಯುತ್ತದೆ. ವೇಗ ಇಳಿದಂತೆ ಹಿಡಿತ ಸಡಿಲವಾಗಿ, ನಿಂತ ಮೇಲೆ ಏನೂ ಉಳಿಯುವುದಿಲ್ಲ. ಕೊನೆಯ ನಿಲುಗಡೆಗೂ ನಿಂತಲ್ಲಿ ಹಿಡಿಯುವುದಕ್ಕೂ ಗಾಳಿ ಬ್ರೇಕೇ ಬೇಕು. ಹೊರಡುವಾಗ ಗಾಳಿ ಬಿಟ್ಟೊಡನೆ ರೈಲು ತಾನೇ ಉರುಳುತ್ತದೆ, ಥ್ರಾಟಲ್ ಬೇಡ. ಕೈ ಡೈನಮಿಕ್ ಮೇಲಿರಲಿ. ಕರ್ಜತ್ ದಾಟಿ, ಪೈಪಿನ ಒತ್ತಡ ಮತ್ತೆ 5ಕ್ಕೆ ಬಂದ ಮೇಲೆಯೇ ನಾನು ಕ್ರೂಸ್ ಒತ್ತುವುದು.